ಕಾಮೆಂಟ್ ಮಾಡಿಟ್ಟ ಹಳೇ ಕೋಡ್ ಅಳಿಸಲು ಇಷ್ಟು ಹಿಂಜರಿಕೆ ಯಾಕೆ?

ಹಳೆಯ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳಲ್ಲಿ ಸಾಲುಗಟ್ಟಲೆ ಕೋಡ್ ಕಾಮೆಂಟ್ ಆಗಿ, ಅಂದರೆ ಕಂಪ್ಯೂಟರ್ ಲೆಕ್ಕಿಸದ ಟಿಪ್ಪಣಿಯಾಗಿ, ಬಿದ್ದಿರುತ್ತದೆ. ಅದು ಓಡುವುದಿಲ್ಲ, ಅಳಿಸಲು ಯಾರಿಗೂ ಧೈರ್ಯವಿಲ್ಲ. ಇದನ್ನು ಸುಮ್ನೆ ಸೋಮಾರಿತನ ಅನ್ನುವಂತಿಲ್ಲ.

1957ರಲ್ಲಿ ಐಬಿಎಂ ಫೋರ್ಟ್ರಾನ್ ಭಾಷೆ ತಂದಾಗ ಪ್ರೋಗ್ರಾಂ ಇರುತ್ತಿದ್ದದ್ದು ಪಂಚ್ ಕಾರ್ಡ್‌ಗಳಲ್ಲಿ. ಕಾರ್ಡಿನ ಮೊದಲ ಕಾಲಂನಲ್ಲಿ ‘ಸಿ’ ಅಕ್ಷರವಿದ್ದರೆ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಅದನ್ನು ಕಾಮೆಂಟ್ ಎಂದು ಬಿಟ್ಟು ಮುಂದೆ ಹೋಗುತ್ತಿತ್ತು. ಯಾವ ಬದಲಾವಣೆ ಯಾವಾಗ ಆಯಿತು ಎಂದು ನೆನಪಿಡುವ ಸಾಧನ ಆಗ ಇರಲಿಲ್ಲ. ಹಳೆಯದನ್ನು ಅಲ್ಲೇ ಉಳಿಸಿಕೊಳ್ಳುವುದು ಜಾಣತನವೇ ಆಗಿತ್ತು.

ಆ ಸಾಧನವೂ ಬಂತು. 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ಎಸ್‌ಸಿಸಿಎಸ್ ಬರೆದರು. ಆಮೇಲೆ ಆರ್‌ಸಿಎಸ್, ಸಿವಿಎಸ್, ಸಬ್‌ವರ್ಷನ್. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಗಿಟ್ ಶುರುಮಾಡಿದರು. ಈಗ ಪ್ರಾಜೆಕ್ಟ್‌ನ ಇತಿಹಾಸವೆಲ್ಲ ಸಾಮಾನ್ಯವಾಗಿ ಪ್ರತಿಯೊಬ್ಬರ ಕಂಪ್ಯೂಟರ್‌ನಲ್ಲೇ ಇರುತ್ತದೆ.

ಹಾಗಿದ್ದರೆ ಅಭ್ಯಾಸ ಹೋಗಬೇಕಿತ್ತು ಅಲ್ವಾ? ಹೋಗಲಿಲ್ಲ. ಅಳಿಸಿದ ಕೋಡ್ ಇತಿಹಾಸದಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದು ಅಲ್ಲಿತ್ತು ಎಂದೇ ಗೊತ್ತಿಲ್ಲದವರು ಹುಡುಕುವುದಾದರೂ ಹೇಗೆ? ಕಣ್ಣೆದುರು ಇದ್ದರೆ ಆ ಚಿಂತೆಯಿಲ್ಲ. ನನ್ನ ಮಟ್ಟಿಗೆ ಇದೊಂದೇ ಗಟ್ಟಿ ವಾದ. ಅದಕ್ಕೂ ಉತ್ತರವಿದೆ: ಏನನ್ನು ತೆಗೆದೆವು, ಯಾಕೆ ತೆಗೆದೆವು ಎಂದು ಕಮಿಟ್ ಸಂದೇಶದಲ್ಲಿ, ಅಂದರೆ ಬದಲಾವಣೆಯ ಜೊತೆ ದಾಖಲಾಗುವ ಟಿಪ್ಪಣಿಯಲ್ಲಿ, ಬರೆಯುವುದು. ‘ಕ್ಲೀನಪ್’ ಎಂದಷ್ಟೇ ಬರೆದರೆ ಆ ವಾದವೇ ಗೆಲ್ಲುತ್ತದೆ.

ಉಳಿಸಿಕೊಂಡಿದ್ದರಿಂದಾಗುವ ನಷ್ಟ ಬೇಗ ಕಾಣುವುದಿಲ್ಲ. ಕಾಮೆಂಟ್ ಒಳಗಿನ ಕೋಡನ್ನು ಕಂಪೈಲರ್ ನೋಡುವುದಿಲ್ಲ, ಟೆಸ್ಟ್‌ಗಳೂ ಮುಟ್ಟುವುದಿಲ್ಲ. ಸುತ್ತಲಿನ ಫಂಕ್ಷನ್‌ಗಳ ಹೆಸರು ಬದಲಾದಂತೆ ಅದು ಹಾಗೇ ಹಳಸುತ್ತದೆ. ಒಂದು ದಿನ ಯಾರೋ ಕಾಮೆಂಟ್ ತೆಗೆದರೆ ಕಂಪೈಲ್ ಆಗುವುದೇ ಇಲ್ಲ. ಆದರೂ ಹೆಸರು ಹಿಡಿದು ಹುಡುಕಿದಾಗೆಲ್ಲ ಎದುರಾಗುತ್ತದೆ. ಸಿ ಭಾಷೆಯಲ್ಲಿ ಇನ್ನೊಂದು ಪೇಚು: ಬ್ಲಾಕ್ ಕಾಮೆಂಟ್ (ಆರಂಭ, ಮುಕ್ತಾಯದ ಗುರುತುಗಳ ನಡುವೆ ಬರೆಯುವಂಥದ್ದು) ಒಳಗೆ ಇನ್ನೊಂದು ಬ್ಲಾಕ್ ಕಾಮೆಂಟ್ ಇದ್ದರೆ, ಮೊದಲು ಸಿಕ್ಕ ಮುಕ್ತಾಯದ ಗುರುತಿಗೇ ಹೊರಗಿನದೂ ಮುಗಿಯುತ್ತದೆ. ವಾಹನಗಳ ಸಾಫ್ಟ್‌ವೇರ್‌ಗಾಗಿ ಶುರುವಾದ ಮಿಸ್ರಾ ಸಿ ನಿಯಮಾವಳಿ ಕೋಡನ್ನು ಕಾಮೆಂಟ್ ಮಾಡಿ ಇಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಸೋನಾರ್‌ಕ್ಯೂಬ್, ಪೈಥಾನ್‌ನ ಎರಾಡಿಕೇಟ್‌ನಂಥ ಟೂಲ್‌ಗಳು ಇಂಥ ಸಾಲುಗಳನ್ನು ಹಿಡಿಯುತ್ತವೆ. ಆದರೆ ವಿವರಣೆಗೆ ಕೊಟ್ಟ ಉದಾಹರಣೆ ಯಾವುದು, ಬಿಟ್ಟುಹೋದ ಕೋಡ್ ಯಾವುದು ಎಂದು ಅವಕ್ಕೂ ಕೆಲವೊಮ್ಮೆ ಗೊಂದಲ. ಪ್ರೋಗ್ರಾಂನ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್‌ಗಳ ಲೆಕ್ಕವೇ ಬೇರೆ. ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಸರ್ವರ್‌ನ ಫೈಲ್‌ನಲ್ಲಿ ಡೀಫಾಲ್ಟ್ ಆಯ್ಕೆಗಳನ್ನು ಬೇಕೆಂದೇ ಕಾಮೆಂಟ್ ಆಗಿ ಕೊಟ್ಟಿರುತ್ತಾರೆ. ಬಳಸುವವರಿಗೆ ಅದೇ ಕೈಪಿಡಿ. ಅವನ್ನು ಮುಟ್ಟದಿರುವುದೇ ಸರಿ.