19 ಕಳೆದರೆ ಸಿಗುವ ಅವಿಭಾಜ್ಯ

ನನ್ನ ಕೆಲಸ ಎನ್‌ಕ್ರಿಪ್ಷನ್ ಕೋಡ್ ಬರೆಯುವುದು, ಬೇರೆಯವರು ಬರೆದದ್ದನ್ನು ಪರೀಕ್ಷಿಸುವುದು. ಈ ಕೆಲಸದಲ್ಲಿ ಒಂದು ಅವಿಭಾಜ್ಯ ಸಂಖ್ಯೆ ದಿನಾ ಎದುರಾಗುತ್ತದೆ. 2ರ 255ನೇ ಘಾತದಿಂದ 19 ಕಳೆಯಿರಿ, ಅದೇ ಅದು. ಒಟ್ಟು 77 ಅಂಕಿ. ಗೂಢಲಿಪಿ ತಜ್ಞ ಡೇನಿಯಲ್ ಬರ್ನ್‌ಸ್ಟೈನ್ ಗುಟ್ಟಿನ ಕೀ ವಿನಿಮಯಕ್ಕೆಂದು ಮಾಡಿದ ತಮ್ಮ ಕರ್ವ್25519 ವಿನ್ಯಾಸಕ್ಕೆ ಇದನ್ನೇ ಆರಿಸಿಕೊಂಡರು. ಇವತ್ತು ಸಿಗ್ನಲ್, ವಾಟ್ಸ್‌ಆ್ಯಪ್ ಸಂದೇಶಗಳ ಗುಟ್ಟು ಕಾಯುವ ಲೆಕ್ಕವೂ ಇದರ ಮೇಲೇ ನಡೆಯುತ್ತದೆ.

ಅವಿಭಾಜ್ಯ ಅಂದ್ರೆ ದೊಡ್ಡದಾದಷ್ಟೂ ಒಳ್ಳೆಯದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 2024ರಲ್ಲಿ ಸಿಕ್ಕ ಒಂದು ಭಾರಿ ಅವಿಭಾಜ್ಯಕ್ಕೆ 4.1 ಕೋಟಿ ಅಂಕಿಗಳಿವೆ, ಆದರೆ ನಮ್ಮ ಕೆಲಸಕ್ಕೆ ಅದು ಬರುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಗಾತ್ರಕ್ಕಿಂತ ಸಂಖ್ಯೆಯ ರೂಪವೇ ಮುಖ್ಯ.

ಯಾಕೆ ಅಂತ ನೋಡಿ. 255 ಬಿಟ್‌ನ (ಅಂದರೆ 0, 1 ಮಾತ್ರ ಬಳಸಿ ಬರೆದರೆ 255 ಅಂಕಿಯ) ಎರಡು ಸಂಖ್ಯೆ ಗುಣಿಸಿದರೆ 510 ಬಿಟ್‌ವರೆಗೂ ಹೋಗುತ್ತದೆ, ಅದನ್ನು ನಮ್ಮ ಅವಿಭಾಜ್ಯದಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು. ಭಾಗಾಕಾರ ನಿಧಾನ. ಜೊತೆಗೆ ಅದಕ್ಕೆ ಹಿಡಿಯುವ ಸಮಯ ಸಂಖ್ಯೆಯಿಂದ ಸಂಖ್ಯೆಗೆ ಬದಲಾದರೆ, ಆ ಸಮಯ ಅಳೆದೇ ಗುಟ್ಟಿನ ಕೀ ಕದಿಯಬಹುದು. ಇಲ್ಲಿ ಭಾಗಾಕಾರವೇ ಬೇಡ! 2ರ 255ನೇ ಘಾತವನ್ನು ಇದರಿಂದ ಭಾಗಿಸಿದರೆ ಶೇಷ ಬರೀ 19 ಅಲ್ವಾ? ಹಾಗಾಗಿ ಮೇಲಿನ ಅರ್ಧವನ್ನು 19ರಿಂದ ಗುಣಿಸಿ ಕೆಳಗಿನ ಅರ್ಧಕ್ಕೆ ಕೂಡಿಸಿ, ಮತ್ತೆ ಸ್ವಲ್ಪ ಉಕ್ಕಿದರೆ ಇನ್ನೊಮ್ಮೆ ಹಾಗೇ ಮಾಡಿ. ಮುಗೀತು.

19ಕ್ಕಿಂತ ಸಣ್ಣ ಸಂಖ್ಯೆ ಕಳೆಯಬಹುದಿತ್ತಲ್ಲ ಅಂತ ಕೇಳುತ್ತೀರಿ. ಸಮ ಸಂಖ್ಯೆ ಕಳೆದರೆ ಉಳಿಯುವುದೂ ಸಮವೇ. 5, 11, 17 ಕಳೆದರೆ ಉತ್ತರ 3ರಿಂದ ಭಾಗವಾಗುತ್ತದೆ. 3, 13 ಕಳೆದರೆ 5ರಿಂದ, 1, 15 ಕಳೆದರೆ 7ರಿಂದ, 9 ಕಳೆದರೆ 17ರಿಂದ. ಇಷ್ಟನ್ನೂ ಪೆನ್ನು ಹಿಡಿದೇ ಪರೀಕ್ಷಿಸಬಹುದು, ಒಮ್ಮೆ ಮಾಡಿ ನೋಡಿ, ನಿಜಕ್ಕೂ ಖುಷಿಯಾಗುತ್ತದೆ. ಉಳಿಯುವುದು 7 ಒಂದೇ. ಅದನ್ನು ಕಳೆದರೆ ಬರುವ ಸಂಖ್ಯೆಯೂ ಅವಿಭಾಜ್ಯವಲ್ಲ, ಆದರೆ 100ರೊಳಗಿನ ಯಾವ ಅವಿಭಾಜ್ಯದಿಂದಲೂ ಭಾಗವಾಗುವುದಿಲ್ಲ, ಅದಕ್ಕೆ ಕಂಪ್ಯೂಟರ್ ಬೇಕು. ಅಂದರೆ 2ರ 255ನೇ ಘಾತಕ್ಕಿಂತ ಕೆಳಗಿನ ಅತಿ ದೊಡ್ಡ ಅವಿಭಾಜ್ಯ, 19 ಕಳೆದು ಬರುವ ನಮ್ಮ ಸಂಖ್ಯೆಯೇ.

8ರಿಂದ ಭಾಗಿಸಿದರೆ ನಮ್ಮ ಅವಿಭಾಜ್ಯದ ಶೇಷ 5. ಸುಮ್ನೆ ಹೇಳಿದ ಮಾತಲ್ಲ ಇದು, ಇದರಿಂದಾಗಿಯೇ ಈ ಶೇಷಗಳ ಲೋಕದಲ್ಲಿ ವರ್ಗಮೂಲ ಹುಡುಕಲು ನೇರವಾದ ಒಂದು ಸೂತ್ರ ಸಿಗುತ್ತದೆ.

ಕೋಡ್ ಪರೀಕ್ಷಿಸುವಾಗ ನಾನು ತಪ್ಪದೆ ನೋಡುವ ಜಾಗ ಬೇರೆ. 255 ಬಿಟ್‌ನಲ್ಲಿ ಈ ಅವಿಭಾಜ್ಯ ಮತ್ತು ಅದಕ್ಕಿಂತ ದೊಡ್ಡದಾದ 18 ಸಂಖ್ಯೆಗಳೂ ಹಿಡಿಸುತ್ತವೆ, ಹಾಗಾಗಿ 0ಯಿಂದ 18ರವರೆಗಿನ ಪ್ರತಿ ಸಂಖ್ಯೆಯನ್ನೂ ಎರಡು ರೀತಿ ಬರೆಯಬಹುದು. ಕೀ ವಿನಿಮಯದ, ಅಂದರೆ ಇಬ್ಬರು ಸೇರಿ ಒಂದೇ ಗುಟ್ಟಿನ ಕೀ ಮಾಡಿಕೊಳ್ಳುವುದರ, ನಿಯಮ ಇವನ್ನು ಒಪ್ಪಿಕೊಂಡು ಶೇಷ ತೆಗೆಯಿರಿ ಎನ್ನುತ್ತದೆ. ಇದೇ ಅವಿಭಾಜ್ಯ ಬಳಸುವ ಡಿಜಿಟಲ್ ಸಹಿಯ ನಿಯಮ ಇವನ್ನು ತಿರಸ್ಕರಿಸಿ ಎನ್ನುತ್ತದೆ. ಎರಡಕ್ಕೂ ಒಂದೇ ಫಂಕ್ಷನ್ ಬಳಸಿದ ಕೋಡ್ ಕಂಡರೆ, ಆ 19 ಸಂಖ್ಯೆಗಳನ್ನೇ ಮೊದಲು ಹಾಕಿ ನೋಡಿ.