ಹಳೆ ಎಂಜಿನ್ ಆಯಿಲ್ ಮತ್ತೆ ಬಳಕೆಗೆ ಬರುವುದು ಹೇಗೆ?

ಎಂಜಿನ್ ಆಯಿಲ್ ಸವೆದುಹೋಗುವುದಕ್ಕಿಂತ ಜಾಸ್ತಿ ಕೊಳೆಯಾಗುತ್ತದೆ. ಇದೊಂದು ತಲೆಗೆ ಹತ್ತಿದರೆ ಉಳಿದದ್ದು ಸಲೀಸು. ಅದರಲ್ಲಿ ಬಹುಪಾಲು ಇರುವುದು ಬೇಸ್ ಆಯಿಲ್, ಅಂದರೆ ದೊಡ್ಡ ಹೈಡ್ರೋಕಾರ್ಬನ್ ಅಣುಗಳು. ಸ್ವಲ್ಪ ಭಾಗ ಆಕ್ಸಿಡೀಕರಣವಾದರೂ ಮಿಕ್ಕದ್ದು ಹಾಗೇ ಇರುತ್ತದೆ. ಖರ್ಚಾಗುವುದು ಸತು, ಕ್ಯಾಲ್ಸಿಯಂ ಇರುವ ಅಡಿಟಿವ್‌ಗಳು, ಅಂದರೆ ಎಣ್ಣೆಯ ಗುಣ ಹೆಚ್ಚಿಸಲು ಬೆರೆಸುವ ರಾಸಾಯನಿಕಗಳು. ಜೊತೆಗೆ ಮಸಿ, ಲೋಹದ ಪುಡಿ, ನೀರು, ಸುಡದೆ ಉಳಿದ ಪೆಟ್ರೋಲ್ ಬಂದು ಸೇರುತ್ತವೆ.

ನೀರಿದೆಯೇ ಎಂದು ನೋಡಲು ಒಂದು ಹನಿಯನ್ನು ಬಿಸಿ ತಗಡಿನ ಮೇಲೆ ಬಿಡುತ್ತಾರೆ. ಒಗ್ಗರಣೆಯಂತೆ ಚಟಪಟ ಎಂದರೆ ನೀರಿದೆ ಎಂದರ್ಥ. ಹಾಗಾಗಿ ಮೊದಲ ಕೆಲಸ ಕಾಯಿಸಿ ನೀರು, ಪೆಟ್ರೋಲ್ ಎರಡನ್ನೂ ಹಾರಿಸುವುದು.

ಮುಂದಿನ ಹಂತದಲ್ಲಿ ನಾನು ತುಂಬಾ ದಿನ ಸಿಕ್ಕಿಹಾಕಿಕೊಂಡಿದ್ದೆ. ಎಣ್ಣೆಯನ್ನು ಸುಮ್ನೆ ಕುದಿಸಿ ಬಟ್ಟಿ ಇಳಿಸಿದರೆ ಆಯ್ತಲ್ವಾ? ಆಗಲ್ಲ. ಬೇಸ್ ಆಯಿಲ್ ಕುದಿಯಬೇಕಾದರೆ ಸುಮಾರು 350 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಹೋಗಬೇಕು. ಆ ಬಿಸಿಗೆ ಅಣುಗಳೇ ಮುರಿಯತೊಡಗುತ್ತವೆ. ಅದಕ್ಕೇ ನಿರ್ವಾತ. ಒತ್ತಡ ಇಳಿಸಿದರೆ ಕುದಿಬಿಂದುವೂ ಇಳಿಯುತ್ತದೆ. ಅಷ್ಟೇ ಅಲ್ಲ, ಬಿಸಿ ಕೊಳವೆಯ ಒಳಗೋಡೆಗೆ ಎಣ್ಣೆಯನ್ನು ತಿರುಗುವ ಅಲಗುಗಳಿಂದ ತೆಳ್ಳಗೆ ಸವರುತ್ತಾರೆ. ದೋಸೆ ಹಿಟ್ಟನ್ನು ಕಾವಲಿ ಮೇಲೆ ಎಳೆದ ಹಾಗೆ. ತೆಳುವಾಗಿರುವುದರಿಂದ ಕ್ಷಣಗಳಲ್ಲಿ ಆವಿಯಾಗುತ್ತದೆ, ಸೀದುಹೋಗಲು ಸಮಯವೇ ಸಿಗುವುದಿಲ್ಲ. ಲೋಹ, ಮಸಿ, ಹಳೆ ಅಡಿಟಿವ್‌ಗಳು ತಳದಲ್ಲಿ ಕಪ್ಪು ಅಂಟಾಗಿ ಉಳಿಯುತ್ತವೆ. ಅದನ್ನು ಡಾಂಬರಿಗೆ ಬೆರೆಸಬಹುದು.

ಬಟ್ಟಿಯಿಂದ ಬಂದ ಎಣ್ಣೆಗೆ ಇನ್ನೂ ಬಣ್ಣ, ವಾಸನೆ ಇರುತ್ತದೆ. ಅದನ್ನು ತೆಗೆಯಲು ಎಣ್ಣೆಯನ್ನು ನಿಕಲ್-ಮಾಲಿಬ್ಡಿನಂನಂಥ ವೇಗವರ್ಧಕದ ಮೇಲೆ, ಒತ್ತಡದಲ್ಲಿ ಹೈಡ್ರೋಜನ್ ಜೊತೆ ಹಾಯಿಸುತ್ತಾರೆ. ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ, ಸಾರಜನಕ ಅಮೋನಿಯಾ ಆಗಿ ಹೊರಬೀಳುತ್ತವೆ. ಹಿಂದೆ ಇದೇ ಶುದ್ಧೀಕರಣಕ್ಕೆ ಗಂಧಕಾಮ್ಲ, ಜೇಡಿಮಣ್ಣು ಬಳಸುತ್ತಿದ್ದರು. ಎಣ್ಣೆ ತಿಳಿಯಾಗುತ್ತಿತ್ತು, ಆದರೆ ರಾಶಿಗಟ್ಟಲೆ ಆಮ್ಲದ ಕೆಸರು ಉಳಿಯುತ್ತಿತ್ತು. ಒಂದು ಕೊಳೆ ತೆಗೆಯಲು ಇನ್ನೊಂದು ಕೊಳೆ!

ಪೈರೋಲಿಸಿಸ್‌ನದು ಉಲ್ಟಾ ದಾರಿ. ಗಾಳಿ ಇಲ್ಲದೆ 400 ಡಿಗ್ರಿಗಿಂತ ಮೇಲೆ ಕಾಯಿಸಿ ಅಣುಗಳನ್ನು ಬೇಕೆಂದೇ ಮುರಿಯುತ್ತಾರೆ. ಡೀಸೆಲ್‌ನಂಥ ಇಂಧನ, ಅನಿಲ, ಇದ್ದಿಲಿನಂಥ ಶೇಷ ಸಿಗುತ್ತವೆ. ಚೆನ್ನಾಗಿರುವ ಉದ್ದದ ಅಣುವನ್ನು ಮುರಿದು ಉರಿಸುವುದು ನನಗಂತೂ ದಂಡ ಅನ್ನಿಸುತ್ತದೆ. ತೀರಾ ಕಲಬೆರಕೆಯಾದ ಎಣ್ಣೆಗೆ ಸರಿ.

ಇನ್ನೊಂದು ಮಾತು. ಶುದ್ಧವಾಗಿ ಬಂದ ಬೇಸ್ ಆಯಿಲನ್ನು ಹಾಗೇ ಎಂಜಿನ್‌ಗೆ ಹಾಕುವಂತಿಲ್ಲ. ಹೊಸ ಅಡಿಟಿವ್‌ಗಳನ್ನು ಬೆರೆಸಿದ ಮೇಲಷ್ಟೇ ಅದು ಮತ್ತೆ ಎಂಜಿನ್ ಆಯಿಲ್.