ಹೆಗಡೆ ಎಂಬ ಹಳೆಯ ಹುದ್ದೆ

ಆಸ್ತಿ ಪಾಲಿನ ದಾವೆಗಳನ್ನು ನಡೆಸುವ ವಕೀಲನಾದ ನನ್ನ ಮೇಜಿನ ಮೇಲೆ ವಂಶವೃಕ್ಷಗಳಿಗೆ ಎಂದೂ ಬರವಿಲ್ಲ. ಅವುಗಳನ್ನು ತರುವ ಕಕ್ಷಿದಾರರಲ್ಲಿ ಕೆಲವರು, ‘ಅವರೂ ಹೆಗಡೆಯವರು, ನಾವೂ ಹೆಗಡೆಯವರು, ಮೂಲದಲ್ಲಿ ಒಂದೇ ಮನೆತನವಿರಬೇಕಲ್ಲವೇ?’ ಎಂದು ಕೇಳುವುದುಂಟು. ಅಡ್ಡಹೆಸರೊಂದನ್ನೇ ಹಿಡಿದು ರಕ್ತಸಂಬಂಧವನ್ನು ಸಾಧಿಸಲು ಬಾರದು. ಹೆಗಡೆ ಎಂಬುದು ಹುಟ್ಟಿದ್ದೇ ಅಧಿಕಾರದ ಹೆಸರಾಗಿ.

ಹಳೆಯ ಶಾಸನಗಳಲ್ಲಿ ಇದರ ರೂಪ ಪೆರ್ಗಡೆ. ‘ಪೆರ್’ ಎಂದರೆ ಹಿರಿದು. ಹೆಮ್ಮರ, ಹೆಜ್ಜೇನು, ಹೆದ್ದಾರಿ, ಹೆಬ್ಬಾಗಿಲುಗಳಲ್ಲಿ ಇರುವುದೂ ಇದೇ. ಮೊದಲಿನ ಪಕಾರ ಹಕಾರವಾಗಿ, ರೇಫೆಯು ಮುಂದಿನ ಅಕ್ಷರದಲ್ಲಿ ಲೀನವಾಗಿ ಪೆರ್ಗಡೆಯು ಹೆಗ್ಗಡೆಯಾಯಿತು. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಅರಮನೆಯ ಆಡಳಿತ ನೋಡುವ ಮನೆವೆರ್ಗಡೆಯೂ, ಸುಂಕ ವಸೂಲಿಯ ಹೊಣೆ ಹೊತ್ತ ಸುಂಕದ ಹೆಗ್ಗಡೆಯೂ ಕಾಣಿಸಿಕೊಳ್ಳುತ್ತಾರೆ. (ಆ ಕಾಲದ ಹೆಜ್ಜುಂಕವೂ ಪೆರ್ ಸೇರಿದ ಸುಂಕವೇ.) ಪಕಾರವನ್ನು ಬಿಟ್ಟುಕೊಡದ ತುಳುನಾಡಿನಲ್ಲಿ ಹಳೆಯ ರೂಪ ಉಳಿದುಕೊಂಡಿತು, ಧರ್ಮಸ್ಥಳದ ಹೆಗ್ಗಡೆ ಮನೆತನದ ಮೂಲಪುರುಷನನ್ನು ಅಲ್ಲಿನ ಐತಿಹ್ಯವು ಬಿರ್ಮಣ್ಣ ಪೆರ್ಗಡೆ ಎಂದೇ ಕರೆಯುತ್ತದೆ. ಮಲೆನಾಡಿನಲ್ಲಂತೂ ಗೌಡರ ಮನೆಯ ಯಜಮಾನಿಯನ್ನು ಹೆಗ್ಗಡತಿ ಎನ್ನುತ್ತಿದ್ದರು.

ಹುದ್ದೆ ಯಾವ ಸಮುದಾಯದವರ ಕೈಯಲ್ಲಿತ್ತೋ ಹೆಸರೂ ಅವರಿಗೇ ಅಂಟಿಕೊಂಡಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಹೊನ್ನಾವರಗಳಲ್ಲಿ ಹೆಗಡೆ ಎಂದರೆ ಹೆಚ್ಚಾಗಿ ಹವ್ಯಕರು. ಉಡುಪಿ, ಕಾರ್ಕಳ, ಕುಂದಾಪುರಗಳಲ್ಲಿ ಹೆಗ್ಡೆ ಎಂದರೆ ಹೆಚ್ಚಾಗಿ ಬಂಟರು. ಧರ್ಮಸ್ಥಳದ ಹೆಗ್ಗಡೆಯವರು ಜೈನರು. ಕೊಡಗಿನಲ್ಲಿ ಹೆಗ್ಗಡೆ ಎಂಬುದು ಒಂದು ಸಣ್ಣ ಸಮುದಾಯದ ಹೆಸರೇ ಆಗಿದೆ. ಅದೇ ಹವ್ಯಕರು ಪುತ್ತೂರು, ವಿಟ್ಲದ ಕಡೆ ಬಹುಮಟ್ಟಿಗೆ ಭಟ್ಟರು. ಕುಮಟಾ ತಾಲ್ಲೂಕಿನಲ್ಲಿ ಹೆಗಡೆ ಎಂಬ ಊರೇ ಇದ್ದರೂ, ಇಷ್ಟು ವಿಸ್ತಾರವಾಗಿ ಹರಡಿದ ಹೆಸರನ್ನು ಆ ಒಂದು ಊರಿಗೆ ಕಟ್ಟಿಹಾಕುವುದು ಸಲ್ಲದು.

ಹೆಸರು ಬರೆಯುವ ಕ್ರಮದಿಂದ ಮಾತ್ರ ಒಂದಿಷ್ಟು ಸುಳಿವು ಸಿಗುತ್ತದೆ. ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಅಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ದಾಖಲೆಗಳಲ್ಲಿ ನೆಲೆಯೂರಿತು. ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಮಹಾಬಲೇಶ್ವರ ಹೆಗಡೆಯವರ ಪೂರ್ಣ ಹೆಸರು ಅದಕ್ಕೆ ನಿದರ್ಶನ. ಮದ್ರಾಸ್ ಪ್ರಾಂತ್ಯದಲ್ಲೇ ಉಳಿದ ದಕ್ಷಿಣ ಕನ್ನಡದಲ್ಲಿ ಊರಿನ ಅಥವಾ ಮನೆಯ ಹೆಸರು ಮುಂದೆ ಬರುವುದು ವಾಡಿಕೆ: ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾಗಿ, ಅನಂತರ ಲೋಕಸಭೆಯ ಸ್ಪೀಕರ್ ಆಗಿದ್ದ ಕೆ. ಎಸ್. ಹೆಗ್ಡೆಯವರು ಕೌಡೂರು ಸದಾನಂದ ಹೆಗ್ಡೆ.

ವಕೀಲನಿಗೆ ಹೆಚ್ಚು ತೊಡಕು ಕೊಡುವುದು ಅಳಿಯಸಂತಾನದ ಹಳೆಯ ಕಾಗದಪತ್ರಗಳು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಮೊದಲು ಬಂಟರಲ್ಲಿ ಕುಟುಂಬದ ಆಸ್ತಿಯ ಹಕ್ಕು ತಾಯಿಯ ಕಡೆಯಿಂದ ಬರುತ್ತಿದ್ದುದರಿಂದ, ಹೆಸರಿನ ಕೊನೆಯಲ್ಲಿ ತಂದೆಯ ‘ಹೆಗ್ಡೆ’ಯನ್ನು ಇಟ್ಟುಕೊಂಡವನೂ ಹಕ್ಕಿನ ಮಟ್ಟಿಗೆ ಶೆಟ್ಟಿ ಮನೆತನದ ತಾಯಿಯ ಕುಟುಂಬಕ್ಕೆ ಸೇರಿದವನಾಗಿರಬಹುದು. ಅಡ್ಡಹೆಸರನ್ನು ನಂಬಿ ವಂಶವೃಕ್ಷ ಬರೆದರೆ ಇಡೀ ಕವರೇ (ತಾಯಿಯ ಕಡೆಯಿಂದ ಎಣಿಸುವ ಕುಟುಂಬದ ಕವಲು) ಅದಲುಬದಲಾಗುತ್ತದೆ. ಮದುವೆಯ ವಿಷಯದಲ್ಲಿಯೂ ಬಂಟರು ನೋಡುವುದು ತಾಯಿಯಿಂದ ಬರುವ ಕುಲವಾದ ಬಳಿಯನ್ನು, ಹವ್ಯಕರು ನೋಡುವುದು ಗೋತ್ರವನ್ನು. ಎರಡೂ ಕಡೆ ಹೆಗಡೆಯಾಗಿರುವುದು ಸಂಬಂಧಕ್ಕೆ ಅಡ್ಡಿಯೆಂದು ಯಾರೂ ಭಾವಿಸುವುದಿಲ್ಲ. ಹಾಗಾಗಿ ವಂಶವೃಕ್ಷ ಹಿಡಿದು ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಅಜ್ಜಿಯ ತವರು ಮನೆ ಯಾವುದು ಎಂಬುದು.